ದೇವರ ಕಪಾಟಿನ ಗುಳಿಗೆ ಪೆಟ್ಟಿಗೆ

೨೦೦೪ರಲ್ಲಿ ನಾನು ಶಿರಸಿ ತಾಲೂಕಿನ ಪೂರ್ವಕ್ಕೆ, ಬನವಾಸಿ ರಸ್ತೆಯ ಕಡೆ ಇರುವ ಕಟ್ಟೆಬೈಲು ಗ್ರಾಮ ಪಂಚಾಯಿತಿಗೆ ಅಧ್ಯಕ್ಷೆಯಾಗಿದ್ದೆ. ರಾಜಕೀಯ ಮಾಡಿ ಗಳಿಸಿದ ಹುದ್ದೆಯಲ್ಲ. ಅವಧಿಯ ಎರಡನೇ ಅರ್ಧಕ್ಕೆ ಕುರ್ಚಿ ಹೆಂಗಸರಿಗೆ ಮೀಸಲಾಯಿತು. ಗೆದ್ದ ಹೆಂಗಸರಲ್ಲಿ ಸರಕಾರಿ ಪತ್ರ ಓದಿ ಅರ್ಥ ಮಾಡಿಕೊಳ್ಳುವವಳು ಇವಳೇ ಎಂದು ನನ್ನನ್ನು ಕೂರಿಸಿದರು. ಬೆಳಿಗ್ಗೆ ದೇವರ ನೈವೇದ್ಯದ ಅನ್ನ ಇಳಿಸಿ, ಮಜ್ಜಿಗೆ ಕಡೆದಿಟ್ಟು, ಬಸ್ಸು ಹಿಡಿದು ಕಚೇರಿಗೆ ಹೋಗುವುದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವುದು. ನನ್ನ ವೃತ್ತಿಜೀವನ ಎಂದರೆ ಇಷ್ಟೇ. ಹಳ್ಳ ದಾಟಲು ಕಾಲುಸಂಕ, ಬೀದಿದೀಪ, ಕುಡಿಯುವ ನೀರು ಎಂದು ಹಲವು ಕೆಲಸ ಆದವು. ದೇವರು ದೊಡ್ಡವನು, ದೊಡ್ಡ ತಕರಾರಿಲ್ಲದೆ ಆದವು. ಆದರೆ ಒಂದು ಪ್ರಕರಣ ಮಾತ್ರ ನನ್ನನ್ನು ಕುರ್ಚಿಗೂ ಮನೆಗೂ ನಡುವೆ ಸಿಕ್ಕಿಸಿಬಿಟ್ಟಿತ್ತು. ಅದರಲ್ಲಿ ಬರುವ ಹೆಣ್ಣುಮಗಳು ಈಗ ತಾನಾಗಿಯೇ 'ಬರೆಯಿರಿ' ಎಂದಿದ್ದಾಳೆ. ಊರುಗಳ ಹೆಸರನ್ನೂ ಜನರ ಹೆಸರನ್ನೂ ಬದಲಿಸಿ ಬರೆಯುತ್ತಿದ್ದೇನೆ.

ನಮ್ಮ ಊರು ಹೊನ್ನೆಕೇರಿ. ಪಂಚಾಯಿತಿಯ ಒಂದು ತುದಿ. ಅದಕ್ಕೂ ಹತ್ತು ವರ್ಷದ ಹಿಂದೆ ಶುಂಠಿ ಬೆಳೆ ಜೋರಾದಾಗ ಹಾವೇರಿ, ಹಿರೇಕೆರೂರ ಕಡೆಯಿಂದ ಕೂಲಿಗೆ ಬಂದವರು ಊರ ಅಂಚಿನಲ್ಲಿ ಬಿಡಾರ ಹಾಕಿದ್ದರು. ಶುಂಠಿ ಕಿತ್ತ ಮೇಲೆ ಹೋಗುತ್ತಾರೆ ಎಂದುಕೊಂಡಿದ್ದೆವು. ಶುಂಠಿಯ ಹಿಂದೆ ಅನಾನಸ್ ಬಂತು, ಅವರು ಉಳಿದರು. ರೇಷನ್ ಕಾರ್ಡಾಯಿತು, ವೋಟಾಯಿತು, ಬಿಡಾರಕ್ಕೆ ಹೊಸಕೇರಿ ಎಂಬ ಹೆಸರಾಯಿತು. ಅವರು ಬಂದ ಮೇಲೆ ನಮ್ಮವರ ದೊಡ್ಡ ದೂರೆಂದರೆ ನರ್ಸಿನದು. ಪಂಚಾಯಿತಿ ಕಟ್ಟಡದ ಪಕ್ಕದ ಕೋಣೆಯಲ್ಲಿ ಆರೋಗ್ಯ ಉಪಕೇಂದ್ರವಿತ್ತು. ಕುಮಟಾ ಕಡೆಯ ಫಿಲೋಮಿನಾ ಸಿಸ್ಟರ್ ಅಲ್ಲಿದ್ದರು. ಯಾವಾಗ ಹೋದರೂ ಹೊಸಕೇರಿಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಸಾಲಾಗಿ ಕೂತಿರುತ್ತಾರೆ, ನಮ್ಮ ಪಾಳಿ ಬರುವುದೇ ಇಲ್ಲ ಎನ್ನುವುದು ದೂರು. ಅದಕ್ಕೆ ಸರಿಯಾಗಿ ಹೊಸಕೇರಿಯಲ್ಲಿ ಮೂರು ಜನರಿಗೆ ಕ್ಷಯ ಇರುವುದು ಗೊತ್ತಾಯಿತು.

ಆಗ ಎದ್ದು ನಿಂತವರು ವಿಷ್ಣು ಭಾವ. ನಮ್ಮ ಯಜಮಾನರ ದೊಡ್ಡಪ್ಪನ ಮಗ, ಊರಿನ ಹಿರಿಯ. ಕೆಟ್ಟವರಲ್ಲ. ಯಾರ ಮನೆಯಲ್ಲಿ ಕಾರ್ಯವಾದರೂ ಮೊದಲು ಬಂದು ಒಲೆ ಹಚ್ಚಿಸುವವರು. ಹೊನ್ನೆಕೇರಿ ಮತ್ತು ಸುತ್ತಲಿನ ಮಜರೆಗಳು ಕಟ್ಟೆಬೈಲಿನಿಂದ ಬೇರೆಯಾಗಿ ತಮ್ಮದೇ ಪಂಚಾಯಿತಿ ಮಾಡಿಕೊಳ್ಳಬೇಕು, ಜೊತೆಗೆ ನಮ್ಮ ಊರನ್ನು ಈ ಉಪಕೇಂದ್ರದಿಂದ ಬಿಡಿಸಿ ಇನ್ನೊಂದು ಆಸ್ಪತ್ರೆಗೆ ಸೇರಿಸಬೇಕು ಎಂದು ಅವರು ಬೇಡಿಕೆ ಇಟ್ಟರು. ಘಟ್ಟದ ಮೇಲಿನವರು ಜಿಲ್ಲಾಕೇಂದ್ರ ಕಾರವಾರದಿಂದಲೇ ಬೇರೆಯಾಗಬೇಕೆಂಬ ಮಾತು ಶಿರಸಿ ಪೇಟೆಯಲ್ಲಿ ಆಗಾಗ ಏಳುತ್ತಿದ್ದ ಕಾಲ. ಬೇರೆಯಾಗುವುದು ಎಂಬ ಮಾತು ಜನರ ಕಿವಿಗೆ ಹಿತವಾಗಿತ್ತು.

ನನ್ನ ಕಿವಿಗೆ ಮಾತ್ರ ಹಿತವಾಗಲಿಲ್ಲ. ಕಾರಣ ವಿಷ್ಣು ಭಾವನ ಮನೆಯಲ್ಲೇ ಇತ್ತು.

ಅವರ ಸೊಸೆ ಸುಮಾ ಮದುವೆಯಾಗಿ ಬಂದು ಒಂದು ವರ್ಷವೂ ಆಗಿರಲಿಲ್ಲ. ಸಂಜೆಯ ಜ್ವರ, ಕೆಮ್ಮು ಬಿಡುತ್ತಿರಲಿಲ್ಲ. ಗಂಡ ಪ್ರಕಾಶ ಅವಳನ್ನು ಶಿರಸಿಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದ. ಕ್ಷಯ. ಅವನು ಅಪ್ಪನಿಗೆ ಹೇಳುವ ಧೈರ್ಯ ಮಾಡಲಿಲ್ಲ. ಸುಮಾ ಅತ್ತೆಯಿಲ್ಲದ ಮನೆಗೆ ಬಂದವಳು, ತವರಲ್ಲಿ ಇನ್ನೂ ಇಬ್ಬರು ತಂಗಿಯರು ಮದುವೆಗೆ ಇದ್ದರು. ಸುದ್ದಿ ಹೊರಬಿದ್ದರೆ ಇವಳನ್ನು ತವರಿಗೆ ಕಳಿಸುತ್ತಾರೆ, ಅಲ್ಲಿ ಔಷಧಿ ನಿಲ್ಲುತ್ತದೆ. ಇಬ್ಬರೂ ನನ್ನ ಮುಂದೆ ಬಂದು ಅತ್ತರು.

ಈ ಔಷಧಿಯ ಕ್ರಮಕ್ಕೆ ಡಾಟ್ಸ್ ಎನ್ನುತ್ತಿದ್ದರು. ರೋಗಿಯ ಹೆಸರಿನ ಒಂದು ಪೆಟ್ಟಿಗೆಯಲ್ಲಿ ಆರು ತಿಂಗಳ ಗುಳಿಗೆ ಇರುತ್ತದೆ. ವಾರಕ್ಕೆ ಮೂರು ದಿನ, ಒಬ್ಬ ಜವಾಬ್ದಾರರ ಕಣ್ಣೆದುರಿಗೇ ನುಂಗಬೇಕು. ಮೊದಲ ಎರಡು ತಿಂಗಳಾದ ಮೇಲೆ ಕೆಲವನ್ನು ಮನೆಗೆ ಒಯ್ಯಬಹುದು, ಆದರೆ ಸುಮಾಗೆ ಆ ಮನೆಯಲ್ಲಿ ಬಚ್ಚಿಡುವ ಜಾಗ ಎಲ್ಲಿ? ನಡುವೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತೆ ಬಲಿಯುತ್ತದೆ. ಫಿಲೋಮಿನಾ ಸಿಸ್ಟರ್ ಯೋಚಿಸಿ, ಕಣ್ಣೆದುರು ನುಂಗಿಸುವ ಜವಾಬ್ದಾರಿಯನ್ನು ನನಗೇ ಒಪ್ಪಿಸಿದರು. ಸುಮಾ ಪೂಜೆಗೆ ಹೂವು ಕೊಯ್ಯುವ ನೆಪದಲ್ಲಿ ನಮ್ಮ ಹಿತ್ತಲಿಗೆ ಬರುವುದು, ಗುಳಿಗೆ ನುಂಗಿ ಹೋಗುವುದು ಎಂದಾಯಿತು.

ಪೆಟ್ಟಿಗೆ ಎಲ್ಲಿಡುವುದು? ನಮ್ಮ ಮನೆಗೆ ಬಂದುಹೋಗುವವರು ಹೆಚ್ಚು. ಅಧ್ಯಕ್ಷೆಯ ಮನೆಯೆಂದ ಮೇಲೆ ಅಡುಗೆಮನೆಯ ಗೂಡೂ ಜನ ತಡಕುತ್ತಾರೆ. ಮಡಿಯಿಲ್ಲದೆ ಯಾರೂ ಕೈ ಹಾಕದ ಜಾಗ ಒಂದೇ, ದೇವರ ಕೋಣೆಯ ಕಪಾಟು. ಗಂಧದ ಕೊರಡು, ಬತ್ತಿಯ ಡಬ್ಬಿ, ಸಹಸ್ರನಾಮದ ಪುಸ್ತಕ, ಅದರ ಹಿಂದೆ ಆ ಪೆಟ್ಟಿಗೆ. ಪೂಜೆ ಮಾಡುವ ನಮ್ಮ ಯಜಮಾನರಿಗೆ ಹೇಳದೆ ಇಡುವಂತಿರಲಿಲ್ಲ. "ದೇವರಿಗೆ ಬ್ಯಾಡ ಹೇಳಿ ಆದ್ರೆ ಅವ್ನೇ ಹೇಳ್ತ, ಇಡು" ಎಂದರು.

ಎರಡು ತಿಂಗಳು ಹೀಗೆ ಸಾಗಿತು. ಸುಮಾಳ ಜ್ವರ ಬಿಟ್ಟಿತು, ಕಫದ ಪರೀಕ್ಷೆ ಸ್ವಚ್ಛ ಬಂತು. ಹರಡುವ ಭಯ ಹೋಯಿತು, ಔಷಧಿ ಮಾತ್ರ ಮುಗಿಯಬೇಕು ಎಂದರು ಸಿಸ್ಟರ್. ಆಗಲೇ ವಿಷ್ಣು ಭಾವನ ಅರ್ಜಿ ನನ್ನ ಮೇಜಿಗೆ ಬಂತು. ಊರು ಬೇರೆ ಆಸ್ಪತ್ರೆಗೆ ಸೇರಿದರೆ ಸುಮಾಳ ಔಷಧಿಯೂ ಅಲ್ಲಿಗೆ ವರ್ಗವಾಗುತ್ತದೆ. ಹೊಸ ನರ್ಸು ನಿಯಮದ ಪ್ರಕಾರ ರೋಗಿಯ ಮನೆ ಹುಡುಕಿಕೊಂಡು ಬಂದು ವಿಳಾಸ ಖಾತ್ರಿ ಮಾಡಿಕೊಳ್ಳುತ್ತಾರೆ. ಜಗಲಿಯಲ್ಲಿ ಕೂತಿರುವವರು ವಿಷ್ಣು ಭಾವ. ಮುಂದಿನದು ನನಗೆ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಬೇಡ ಎನ್ನಲು ನನ್ನಲ್ಲಿದ್ದ ಕಾರಣ ಒಂದೇ, ಅದನ್ನೇ ಹೇಳುವಂತಿರಲಿಲ್ಲ.

ಮೊದಲ ಗ್ರಾಮಸಭೆ ಊರ ಶಾಲೆಯ ಜಗಲಿಯಲ್ಲಿ ನಡೆಯಿತು. ವಿಷ್ಣು ಭಾವ ಮನೆ ಮಾತಿನಂತೆಯೇ ಶುರು ಮಾಡಿದರು.

"ಒಟ್ಟು ಸಂಸಾರದಲ್ಲಿ ಸರಿ ಬರದಿದ್ರೆ ಹಿಸೆ ಆಗ್ತ್ವಿಲ್ಯ? ಜಗಳ ಎಂತಕ್ಕೆ? ಅವ್ರ ಪಾಡಿಗೆ ಅವ್ರು, ನಮ್ಮ ಪಾಡಿಗೆ ನಂಗ. ಎಂತ ಹೇಳ್ತ್ರಿ?"

ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದರು. ಮೊದಲ ಪಾಳಿ ಬಂದ ದೇವಸ್ಥಾನದ ಭಟ್ಟರು "ಅಡ್ಡಿಲ್ಲೆ" ಎಂದರು. ಪಕ್ಕದವರೂ "ಅಡ್ಡಿಲ್ಲೆ". ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ಅದೇ ಮಾತು ಪಂಕ್ತಿಯಲ್ಲಿ ಬಡಿಸುವ ಪಾಯಸದಂತೆ ಸಾಗಿಹೋಯಿತು.

ನಮ್ಮ ಕಾರ್ಯದರ್ಶಿ ಬಸವರಾಜಪ್ಪ ಹಾನಗಲ್ಲ ಕಡೆಯವರು. ಸಭೆ ಮುಗಿದ ಮೇಲೆ ಅವರು 'ಸರ್ವಾನುಮತದಿಂದ ಒಪ್ಪಲಾಯಿತು' ಎಂದು ಬರೆದದ್ದನ್ನು ನನ್ನ ಮುಂದೆ ಹಿಡಿದರು. ನಾನು ಗಾಬರಿಯಾದೆ.

"ಎಲ್ಲರೂ ಒಪ್ಪಿದ್ದು ಯಾವಾಗ ಬಸವರಾಜಪ್ಪ?"

"ಎಲ್ಲಾರೂ ಅಡ್ಡಿ ಇಲ್ಲ ಅಂದ್ರಲ್ರಿ ಅಮ್ಮಾರ. ಒಬ್ಬರರ ಅಡ್ಡಿ ಅಂದಾರೇನ್ರಿ?"

ನಾನು ತಿಳಿಸಿ ಹೇಳಿದೆ. ನಮ್ಮಲ್ಲಿ ಊಟ ಹೇಗಾಯಿತು ಎಂದರೆ ಅಡ್ಡಿಲ್ಲೆ. ಜ್ವರ ಹೇಗಿದೆ ಎಂದರೆ ಅಡ್ಡಿಲ್ಲೆ. ಹುಡುಗಿ ನೋಡಲು ಹೋಗಿ ಇಷ್ಟವಾಗದೆ ಬಂದರೂ ದಾರಿಯಲ್ಲಿ ಕೇಳಿದವರಿಗೆ ಅಡ್ಡಿಲ್ಲೆ. ಅದು ಒಪ್ಪಿಗೆಯಲ್ಲ, ಎದುರಿನವರ ಮುಖ ಮುರಿಯಬಾರದೆಂಬ ಮಾತು.

ಅವರು ಪೆನ್ನು ಕೆಳಗಿಟ್ಟರು. "ಹಂಗಾರ ನಿಮ್ಮ ಮಂದಿ ಬ್ಯಾಡ ಅನ್ನಾಕ ಏನಂತಾರ್ರಿ?"

"ನೋಡನ, ಅಂತಾರೆ" ಎಂದೆ.

"ಶಿವ ಶಿವಾ. ಇಷ್ಟು ವರ್ಷ ನಾ ಏನೇನ ಬರದೀನೋ ಏನೋ" ಎಂದು ಅವರು ಹಣೆ ಒರೆಸಿಕೊಂಡರು.

ಬರೆದದ್ದು ಬರೆದಾಗಿತ್ತು. ಅದಕ್ಕೆ ನಾನು ರುಜು ಹಾಕಬೇಕು, ಹಾಕದಿದ್ದರೆ ಊರಿನ ಮಾತಿಗೆ ಅಧ್ಯಕ್ಷೆಯೇ ಅಡ್ಡ ಎನ್ನುತ್ತಾರೆ. ಆ ವಾರವೆಲ್ಲ ಕಚೇರಿಯಲ್ಲಿ ಕೂತರೆ ಎದುರಿಗೆ ಆ ಠರಾವಿನ ಪುಸ್ತಕ, ಮನೆಗೆ ಬಂದರೆ ಹಿತ್ತಲಲ್ಲಿ ಸುಮಾ. "ಸಣ್ಣತ್ತೆ, ಎಂತ ಆತು?" ಎಂದು ಅವಳು ಕೇಳುವಳು. "ನೀ ನುಂಗು" ಎನ್ನುವುದಷ್ಟೇ ನನ್ನ ಉತ್ತರ.

ದೇವರು ಒಂದು ಸಣ್ಣ ದಾರಿ ತೋರಿಸಿದ. ಕಡತ ಕಳಿಸುವ ಮುಂಚೆ ಬಸವರಾಜಪ್ಪ ಕಾಯಿದೆ ತೆಗೆದು ನೋಡಿದರು. ಹೊಸ ಪಂಚಾಯಿತಿಗೆ ನಮ್ಮಂಥ ಗುಡ್ಡಗಾಡು ಜಿಲ್ಲೆಯಲ್ಲೂ ಎರಡೂವರೆ ಸಾವಿರ ಜನಸಂಖ್ಯೆ ಬೇಕು. ಹೊಸಕೇರಿಯನ್ನು ಬಿಟ್ಟರೆ ನಮ್ಮಲ್ಲಿ ಅಷ್ಟು ತಲೆಯೇ ಇರಲಿಲ್ಲ. ಯಾರಿಂದ ಬೇರೆಯಾಗಬೇಕೆಂದು ಹೊರಟಿದ್ದೆವೋ ಅವರನ್ನು ಸೇರಿಸಿಕೊಳ್ಳದೆ ಬೇರೆಯಾಗುವಂತಿಲ್ಲ. ಇದೇ ನೆಪದಲ್ಲಿ ನಾನು ಎರಡನೇ ಗ್ರಾಮಸಭೆ ಕರೆದೆ, ಹೊಸಕೇರಿಗೂ ಡಂಗುರ ಹೊಡೆಸಿದೆ.

ವಿಷ್ಣು ಭಾವ ಸೋಲುವವರಲ್ಲ. ತಾವೇ ಹೊಸಕೇರಿಗೆ ಹೋಗಿ, ಹೊಸ ಪಂಚಾಯಿತಿಗೆ ನೀವೂ ಬನ್ನಿ, ಆದರೆ ಆಸ್ಪತ್ರೆ ವಿಷಯದಲ್ಲಿ ನೀವು ಹಳೆಯ ಉಪಕೇಂದ್ರದಲ್ಲೇ ಇರಿ, ನಾವು ಬೇರೆ ಕಡೆ ಹೋಗುತ್ತೇವೆ ಎಂದು ಹೇಳಿ ಬಂದರು. ಅವರ ತೋಟದಲ್ಲೇ ಕೆಲಸ ಮಾಡುವ ಹನುಮವ್ವ ಸಭೆಯಲ್ಲಿ ಎದ್ದು ನಿಂತಳು.

"ಗೌಡ್ರ, ತಲಿ ಎಣಸಾಕ ನಾವು ಬೇಕ್ರಿ. ಕೆಮ್ಮಿದ್ರ ಮಾತ್ರ ಬ್ಯಾಡೇನ್ರಿ?"

ಜನಿವಾರದ ಭಾವನನ್ನು ಗೌಡ್ರೇ ಎಂದದ್ದಕ್ಕೆ ಹುಡುಗರು ನಕ್ಕರು. ಭಾವ ನಗಲಿಲ್ಲ. ಮಾತಿನ ಏಟು ತಾಕಿತ್ತು, ಕಟುವಾದರು.

"ಕೆಮ್ಮಿನ ಮಾತು ನೀನೇ ತೆಗೆದ್ಯಲೆ, ಕೇಳು. ಈ ರೋಗ ನಮ್ಮೂರಿಂದಲ್ಲ, ಹೊರಗಿಂದ ಬಂದ ಜನ ತಂದದ್ದು. ನಮ್ಮ ಮನೆಗಳಲ್ಲಿ ಒಬ್ಬರಿಗಾದ್ರೂ ಇದ್ದ?" ಎಂದು ನನ್ನ ಕಡೆ ತಿರುಗಿದರು. "ಅಧ್ಯಕ್ಷರಿಗೆ ಎಲ್ಲ ಗೊತ್ತಿರ್ತಲಿ. ಅವ್ರೇ ಹೇಳ್ಲಿ. ಇದ್ದ, ಇಲ್ಯ?"

ಹೆಂಗಸರ ಸಾಲಿನಲ್ಲಿ ಸುಮಾ ಕೂತಿದ್ದಳು. ಸೆರಗನ್ನು ಬೆರಳಿಗೆ ಸುತ್ತುತ್ತಿದ್ದವಳು ನಿಲ್ಲಿಸಿದಳು. ಇಲ್ಲ ಎಂದರೆ ಸುಳ್ಳು. ಅದಕ್ಕಿಂತ ಹೆಚ್ಚಾಗಿ, ಅಲ್ಲಿಗೆ ಭಾವನ ಮಾತೇ ಗೆದ್ದು ಔಷಧಿ ವರ್ಗವಾದಂತೆ. ಇದೆ ಎಂದರೆ ಯಾರಿಗೆ ಎಂದು ಕೇಳುತ್ತಾರೆ. ನೋಡನ ಎನ್ನುವ ಪ್ರಶ್ನೆಯೂ ಅದಾಗಿರಲಿಲ್ಲ. ಮನೆದೇವರ ಹೆಸರು ಒಮ್ಮೆ ಹೇಳಿಕೊಂಡೆ.

"ಇದ್ದು ಭಾವ" ಎಂದೆ. "ನಮ್ಮನೇಲಿ ಇದ್ದು. ಗುಳಿಗೆ ಪೆಟ್ಟಿಗೆ ದೇವರ ಕಪಾಟಲ್ಲಿ ಇಟ್ಟಿದ್ದೆ. ಬೇಕಾದ್ರೆ ಮಿಂದು ಮಡಿ ಉಟ್ಟು ಬಂದು ನೋಡು."

ಸುಮಾ ನಮ್ಮ ಮನೆತನದವಳೇ, ಪೆಟ್ಟಿಗೆ ಇದ್ದದ್ದೂ ನಮ್ಮಲ್ಲೇ; ಅದರಲ್ಲಿ ಸುಳ್ಳಿನ ಅಕ್ಷರ ಒಂದಿರಲಿಲ್ಲ. ನನ್ನ ಪಕ್ಕ ಕೂತಿದ್ದ ಸದಸ್ಯೆ ಕುರ್ಚಿಯನ್ನು ಒಂದಿಷ್ಟು ಆಚೆ ಎಳೆದುಕೊಂಡರು. ಗಂಡಸರ ನಡುವೆ ನಮ್ಮ ಯಜಮಾನರು ಕೂತಿದ್ದರು. ಎಲ್ಲರೂ ಅವರನ್ನು ನೋಡಿದರು. ಅವರು ಒಂದು ಮಾತು ಆಡಿದ್ದರೆ ಎಲ್ಲ ಮುಗಿಯುತ್ತಿತ್ತು. ಎಲೆಗೆ ಸುಣ್ಣ ಹಚ್ಚುತ್ತ ಕೂತರು, ತಲೆ ಎತ್ತಲಿಲ್ಲ. ಅವತ್ತು ದೇವರು ಮಾಡಿದ ದೊಡ್ಡ ಉಪಕಾರ ಅದು.

ನಾನು ಬಿಡದೆ ಮುಂದುವರಿಸಿದೆ. "ಎರಡು ವಿಷಯ ಬೇರೆ ಬೇರೆ ಕೇಳ್ತೆ. ಬೇಕಾದವ್ರು ಬೇಕು ಹೇಳಿ, ಬ್ಯಾಡದವ್ರು ಬ್ಯಾಡ ಹೇಳಿ. ಇವತ್ತು ಅಡ್ಡಿಲ್ಲೆ ಹೇಳಿದವ್ರನ್ನ ಬಸವರಾಜಪ್ಪ ಬರ್ಕತ್ವಿಲ್ಲೆ."

ಪಂಚಾಯಿತಿ ಬೇರೆಯಾಗಬೇಕು ಎಂಬುದಕ್ಕೆ ಹಲವರು ಬೇಕು ಎಂದರು, ಹೊಸಕೇರಿಯವರೂ ಎಂದರು. ಅವರಿಗೂ ಕಟ್ಟೆಬೈಲು ದೂರವೇ. ಆಸ್ಪತ್ರೆ ಬದಲಿಸುವ ಮಾತಿಗೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಭಟ್ಟರ ಮನೆಯ ಅಜ್ಜಿ ಕೋಲೂರಿ ಎದ್ದಿತು.

"ಯಂಗೆ ಬ್ಯಾಡ. ಬೀಪಿ ನೋಡಲೆ ಆ ಫಿಲೋಮಿನಾನೇ ಬೇಕು. ಹೊಸಬರು ಕೈ ಹಿಡಿದ್ರೆ ಬೀಪಿ ಏರ್ತು."

ನಗೆ ಎದ್ದಿತು. ನಗೆಯ ಹಿಂದೆ 'ಬ್ಯಾಡ, ಬ್ಯಾಡ' ಎಂಬ ಮಾತೂ ಬಂತು. ಅಧ್ಯಕ್ಷೆಯ ಮನೆಗೇ ಬಂದ ರೋಗ ನಾಳೆ ಯಾರ ಮನೆಗೂ ಬರಬಹುದು, ಗುಳಿಗೆ ಕೊಡುವ ನರ್ಸು ಹತ್ತಿರವಿರಲಿ ಎಂದು ಅವರಿಗೆ ಅನ್ನಿಸಿರಬೇಕು. ಆಸ್ಪತ್ರೆಯ ಸಾಲನ್ನು ಹೊಡೆದು ಹಾಕಿ, ಪಂಚಾಯಿತಿಯ ಬೇಡಿಕೆಯನ್ನಷ್ಟೇ ಜಿಲ್ಲಾಧಿಕಾರಿಗಳಿಗೆ ಕಳಿಸಿದೆವು.

ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಎಂಥ ಬೋನಿನಲ್ಲಿ ಕಾಲಿಟ್ಟಿದ್ದೇನೆಂದು ಗೊತ್ತಾದದ್ದು ಬುಧವಾರ. ಸುಮಾ ಹೂವು ಕೊಯ್ಯಲು ಬರಲಿಲ್ಲ.

ನಡು ಹಗಲು ಪ್ರಕಾಶ ಬಂದ. ಜಗಲಿ ಹತ್ತದೆ ಅಂಗಳದಲ್ಲೇ ನಿಂತ. "ಅಪ್ಪಯ್ಯ ಹೇಳಿದ್ದ, ಆ ಮನೆ ಕಡೆ ಹೋಪದು ಬ್ಯಾಡ ಹೇಳಿ. ಹೂವೂ ಬ್ಯಾಡ, ಎಂತದೂ ಬ್ಯಾಡ" ಎಂದ. ಅವನ ಕಣ್ಣಲ್ಲಿ ನೀರು. ಅವಳನ್ನು ಕಾಪಾಡಲು ಆಡಿದ ಮಾತೇ ಅವಳಿಗೂ ಗುಳಿಗೆಗೂ ನಡುವೆ ಬೇಲಿ ಹಾಕಿತ್ತು.

ಬೇಲಿ ನಮ್ಮ ಸುತ್ತಲೂ ಬಂತು. ಮನೆಗೆ ಬಂದವರು ಕಾಫಿ ಬೇಡ, ಈಗಷ್ಟೇ ಕುಡಿದು ಬಂದೆ ಎನ್ನತೊಡಗಿದರು. ಸಿದ್ದಾಪುರ ಕಡೆ ಹತ್ತಿರದವರ ಮದುವೆಗೆ ಹೋದರೆ, ತರಕಾರಿ ಹೆಚ್ಚಲು ಕೂತ ನನ್ನ ಮುಂದಿನಿಂದ ಮೆಟ್ಟುಗತ್ತಿಯನ್ನು ನಯವಾಗಿ ಎಳೆದುಕೊಂಡು "ನೀ ಸುಮ್ನೆ ಕೂತ್ಕ ಅಕ್ಕಾ, ಸುಸ್ತಾಗ್ತು" ಎಂದರು. ರೋಗ ನನಗೋ ಯಜಮಾನರಿಗೋ ಎಂದು ಜನರಲ್ಲಿ ಎರಡು ಪಕ್ಷವಿತ್ತು. ಒಂದು ದಿನ ಒಗ್ಗರಣೆ ಘಾಟು ಹತ್ತಿ ನಮ್ಮ ಯಜಮಾನರು ಬಾಯಿಗೆ ಪಂಚೆ ಒತ್ತಿ ಹಿಡಿದುಕೊಂಡರು. "ಕೆಮ್ಮಲೂ ಹೆದ್ರಿಕೆ ಆಗ್ತಲೆ ಮಾರಾಯ್ತಿ" ಎಂದರು. ಇಬ್ಬರೂ ನಕ್ಕೆವು. ನಗಲು ಬಂತಲ್ಲ ಎಂದು ಅದನ್ನೂ ಉಪಕಾರದ ಲೆಕ್ಕಕ್ಕೆ ಸೇರಿಸಿದೆ.

ಆದರೆ ಆ ಬುಧವಾರದ ಗುಳಿಗೆ? ಒಂದು ಸಲ ತಪ್ಪಿದ್ದನ್ನು ಮರುದಿನವೇ ಕೊಡಬೇಕೆಂದು ಸಿಸ್ಟರ್ ಹೇಳಿದ್ದರು. ಅವರು ಸುಮಾಳ ಮನೆಗೆ ಹೋಗುವಂತಿಲ್ಲ, ನಾನಂತೂ ಹೋಗುವಂತಿಲ್ಲ. ಪ್ರಕಾಶನ ಕೈಗೆ ಕೊಡೋಣವೆಂದರೆ ಅಪ್ಪನೆದುರು ನಡುಗುವ ಹುಡುಗ. ಸೊಸೆ ಎಲ್ಲಿಗೆ ಹೋದರೆ ಭಾವ ಬೇಡ ಎನ್ನಲಾರರು ಎಂದು ಅಂದು ಸಂಜೆ ದೀಪದ ಮುಂದೆ ಕೂತು ಯೋಚಿಸಿದೆ. ಹೊಳೆಯಿತು. "ಸುಮಾ ಹರಕೆ ಹೇಳಿಕೊಂಡಿದ್ದಾಳೆಂದು ಹೇಳು. ವಾರಕ್ಕೆ ಮೂರು ದಿನ ದೇವಸ್ಥಾನಕ್ಕೆ ಪ್ರದಕ್ಷಿಣೆ. ನಾಳೆಯಿಂದಲೇ" ಎಂದು ರಾತ್ರಿಯೇ ಪ್ರಕಾಶನನ್ನು ಕರೆಸಿ ಹೇಳಿಕೊಟ್ಟೆ.

ಹರಕೆ ಸುಳ್ಳಾಗಬಾರದೆಂದು ಸುಮಾ ನಿಜವಾಗಿಯೂ ಕಾಯಿ ಕಟ್ಟಿ ಹರಕೆ ಹೇಳಿಕೊಂಡಳು. ನಾನೂ ಅದೇ ಹೊತ್ತಿಗೆ ಹೋದೆ. ನಾನು ಪ್ರದಕ್ಷಿಣೆ ಹಾಕುವಾಗ ಉಳಿದವರು ಮುಂದಿನ ಮಂಟಪದಲ್ಲೇ ನಿಂತು ನಾನು ಮುಗಿಸುವುದನ್ನು ಕಾಯುತ್ತಿದ್ದರು. ಅವರು ದೂರ ನಿಂತಷ್ಟೂ ನಮಗೆ ಅನುಕೂಲವಾಯಿತು. ಮುಂಚೆ ಹೋಗಿ ಸುತ್ತುತ್ತಿದ್ದ ಸುಮಾ ಗರ್ಭಗುಡಿಯ ಹಿಂದೆ ಸಿಗುತ್ತಿದ್ದಳು. ಅಂಗೈಗೆ ಗುಳಿಗೆ, ತಂಬಿಗೆಯಲ್ಲಿ ಭಟ್ಟರು ಕೊಟ್ಟ ತೀರ್ಥ. ನನ್ನ ಕಣ್ಣೆದುರೇ ನುಂಗುವಳು. ಅವಳ ಗಂಟಲು ಇಳಿಯುವುದನ್ನು ನೋಡಿ ನಾನು ಗೋಡೆಗೆ ಹಣೆ ಮುಟ್ಟಿಸಿ ಮುಂದೆ ಹೋಗುವೆ.

ತೀರ್ಥದಲ್ಲಿ ಗುಳಿಗೆ ನುಂಗಿಸುವುದು ಅಪಚಾರವೇ ಎಂಬ ಕೊರೆತ ನನ್ನೊಳಗಿತ್ತು. ಒಂದು ದಿನ ಸಿಸ್ಟರ್ ಹತ್ತಿರ ಬಾಯಿಬಿಟ್ಟೆ. ಕೊರಳ ಶಿಲುಬೆ ಮುಟ್ಟಿಕೊಂಡು ಅವರು ಅಂದರು: "ಅಮ್ಮಾ, ಯಾವ ನೀರಾದ್ರೂ ಸೈ. ಹೊಟ್ಟೆಗೆ ಹೋದ್ರೆ ಆಯ್ತು. ನೀವು ಸುಮ್ನೆ ಹೆದರೂಕೆ ಹೋಗ್ಬೇಡಿ."

ಪೆಟ್ಟಿಗೆ ಖಾಲಿಯಾಯಿತು. ಶಿರಸಿಯ ಕೊನೆಯ ಪರೀಕ್ಷೆಯಲ್ಲಿ ಸುಮಾ ಪೂರ್ತಿ ಗುಣ ಎಂದು ಬಂತು. ಪ್ರಕಾಶ ಆಸ್ಪತ್ರೆಯ ಚೀಟಿಯನ್ನು ನಮ್ಮ ಜಗಲಿಯಲ್ಲಿ ಕೂತೇ ತೋರಿಸಿದ, ಕೇಳಿ ಕಾಫಿ ಕುಡಿದು ಹೋದ. ಕಾರವಾರಕ್ಕೆ ಹೋದ ಕಡತ ಮಾತ್ರ ನನ್ನ ಅವಧಿ ಮುಗಿಯುವವರೆಗೂ ತಿರುಗಿ ಬರಲಿಲ್ಲ. ವಿಷ್ಣು ಭಾವನಿಗೆ ಕೊನೆಯವರೆಗೂ ವಿಷಯ ಗೊತ್ತಾಗಲಿಲ್ಲ. ಮೊಮ್ಮಗನ ನಾಮಕರಣಕ್ಕೆ ತಾವೇ ಬಂದು ಕರೆದರು. "ನಿಂಗಕ್ಕೆ ಈಗ ಗುಣ ಆತಲಿ, ತಂಗಿ. ಬನ್ನಿ" ಎಂದರು. ನಾವು ಹೋದೆವು. ನಾವಿಬ್ಬರೂ ಜನರ ಬಾಯಲ್ಲಿ ಕ್ಷಯದಿಂದ ಎದ್ದು ಬಂದವರಾಗಿಯೇ ಉಳಿದೆವು, ತಿದ್ದಲು ಹೋಗಲಿಲ್ಲ.

ತಿದ್ದದೆ ಬಿಟ್ಟದ್ದು ಎಷ್ಟು ಒಳ್ಳೆಯದಾಯಿತೆಂದು ಗೊತ್ತಾದದ್ದು ಕುರ್ಚಿ ಇಳಿದ ಎರಡು ವರ್ಷದ ಮೇಲೆ. ಯಲ್ಲಾಪುರದ ಮಾಗೋಡು ಕಡೆಯಿಂದ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂತು. ಯಾರೋ ಮದುವೆ ಮನೆಯಲ್ಲಿ ನಮ್ಮ ಸುದ್ದಿ ಆಡಿದ್ದರಂತೆ. ಹುಡುಗಿ ಸೊರಗಿದ್ದಳು, ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

"ನಿಮ್ಮನೇಲೂ ಬಂದಿತ್ತಡಲಿ, ಗುಣ ಆತಡಲಿ" ಎಂದಿತು ತಾಯಿ. "ಎಲ್ಲೂ ಕೇಳಲೆ ಧೈರ್ಯ ಇಲ್ಲೆ. ಎಂತ ಮಾಡಿದ್ರಿ ಹೇಳಿ ಅಕ್ಕಾ."

ಅಲ್ಲಿಂದೀಚೆ ಅಂಥವರು ಇನ್ನೂ ಕೆಲವರು ಬಂದಿದ್ದಾರೆ. ಪ್ರತಿಯೊಬ್ಬರೂ ಹಿತ್ತಲ ಬಾಗಿಲಿಂದಲೇ. ಊರು ಕೂಡಿರಲಿ, ಒಡೆಯಲಿ, ಅದರ ವಾದ ಮುಗಿಯುವುದೇ ಇಲ್ಲ. ಆದರೆ ಯಾವ ಗೆರೆ ಎಳೆಯುವ ಮುಂಚೆಯೂ, ಆ ಗೆರೆಯ ಮೇಲೆ ಬಾಯಿ ಮುಚ್ಚಿಕೊಂಡು ನಿಂತವರು ಯಾರು, ಅವರ ಔಷಧಿ ಯಾವ ದಾರಿಯಲ್ಲಿ ಬರುತ್ತಿದೆ ಎಂದು ನೋಡಿಕೊಳ್ಳುವುದೇ ಕುರ್ಚಿಯ ಮೇಲೆ ಕೂತವರ ಮೊದಲ ಕೆಲಸ. ಆ ಎರಡೂವರೆ ವರ್ಷ ನನಗೆ ಕಲಿಸಿದ್ದು ಇದನ್ನು.

ಅವತ್ತು ಆ ಹುಡುಗಿಯನ್ನು ಅಡುಗೆಮನೆಗೆ ಕರೆದು ಮಣೆ ಹಾಕಿ ಕೂರಿಸಿದೆ. "ನಾನು ಇಲ್ಲಿ ಕೂತ್ರೆ ಅಡ್ಡಿ ಇಲ್ಯ?" ಎಂದು ಹುಡುಗಿ ತಾಯಿಯನ್ನು ನೋಡಿದಳು. ನಾನು ಅದಕ್ಕೆ ಉತ್ತರ ಹೇಳಲು ಹೋಗದೆ ಬಿಸಿ ಕಷಾಯದ ಲೋಟ ಅವಳ ಕೈಗಿಟ್ಟೆ. "ಕುಡಿ ತಂಗಿ. ಕುಡಿದು ಆದ್ಮೇಲೆ ಫಿಲೋಮಿನಾ ಸಿಸ್ಟರ್ ಹತ್ರ ಹೋಪನ. ಆನೂ ಬತ್ತೆ."